ಕಲ್ಲಿನ ಅಕ್ಷರ ಕಾಗದದಲ್ಲಿ ಕರಗಿದ್ದೇಕೆ?

ಕಳೆದ ವರ್ಷ ಮಳೆಗಾಲದ ಒಂದು ಸಂಜೆ, ನಿವೃತ್ತ ಮೇಷ್ಟರೊಬ್ಬರು ದಪ್ಪನೆಯ ಬೈಂಡು ಪುಸ್ತಕವೊಂದನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ನಮ್ಮ ಮನೆಗೆ ಬಂದರು. ಊರೂರು ಅಲೆದು ಶಾಸನಗಳ ಚಿತ್ರ ತೆಗೆಯುವುದು ಅವರ ಹವ್ಯಾಸ. ಹನ್ನೆರಡು ವರ್ಷಗಳ ತಿರುಗಾಟದ ಫಲವೆಲ್ಲ ಆ ಪುಸ್ತಕದಲ್ಲಿತ್ತು. ಪ್ರತಿ ಪುಟದಲ್ಲೂ ಮೇಲೆ ಊರು, ಹೋಬಳಿ, ಕಲ್ಲಿನ ಅಳತೆ, ಸಿಕ್ಕಿದ ಜಾಗ. ಕೆಳಗೆ ಕಲ್ಲಿನ ಭಾವಚಿತ್ರ. ಕಂಪ್ಯೂಟರ್ ಕಲಿತ ಅವರ ಸೋದರಳಿಯ ಎಲ್ಲವನ್ನೂ ದತ್ತಸಂಚಯಕ್ಕೆ ತುಂಬಿ, ಅಲ್ಲಿಂದ ವರದಿಯಾಗಿ ತೆಗೆದು ಮುದ್ರಿಸಿಕೊಟ್ಟಿದ್ದ.

ಮೇಷ್ಟರು ಒಂದು ಪುಟ ತೆರೆದು ಬೆರಳಿಟ್ಟರು. “ನೋಡಿ ಸ್ವಾಮಿ, ಇದರ ಇಸವಿ ಓದಿ ನೋಡೋಣ” ಎಂದರು. ನಾನು ಕನ್ನಡಕ ಏರಿಸಿದೆ, ದೀಪದ ಕೆಳಗೆ ಹಿಡಿದೆ. ಶಕವರ್ಷ ಹದಿನೈದು ನೂರರ ಯಾವುದೋ ವರ್ಷ ಎಂಬಷ್ಟು ತಿಳಿಯುತ್ತಿತ್ತು. ಮುಂದಿನ ಅಂಕೆ ೬ ಇರಬಹುದು, ೯ ಕೂಡ ಇರಬಹುದು. ಬಾಲ ಯಾವ ಕಡೆ ತಿರುಗಿದೆಯೆಂದು ಹೇಳಬೇಕಾದ ಜಾಗದಲ್ಲಿ ಬೂದು ಬಣ್ಣದ ಚೌಕಗಳು ಮಾತ್ರ ಇದ್ದವು.

“ಕಲ್ಲನ್ನೇ ಹೋಗಿ ನೋಡಿಬಿಟ್ಟರಾಯಿತಲ್ಲ?” ಎಂದೆ.

“ಎಲ್ಲಿದೆ ಕಲ್ಲು? ಎರಡು ವರ್ಷದ ಹಿಂದೆ ರಸ್ತೆ ಅಗಲ ಮಾಡುವಾಗ ಜಲ್ಲಿಯ ಜತೆ ಹೋಯಿತು. ಈಗ ಉಳಿದಿರೋದು ಈ ಫೋಟೋ ಒಂದೇ.”

ವ್ಯತ್ಯಾಸ ಸಣ್ಣದಲ್ಲ. ಶಕವರ್ಷಕ್ಕೆ 78 ಸೇರಿಸಿದರೆ ಕ್ರಿಸ್ತಶಕ. 1560 ಎಂದಾದರೆ 1638, ಅಂದರೆ ಮೈಸೂರಿನಲ್ಲಿ ಕಂಠೀರವ ನರಸರಾಜ ಒಡೆಯರು ಪಟ್ಟಕ್ಕೆ ಬಂದ ವರ್ಷ. 1590 ಎಂದಾದರೆ 1668, ದೊಡ್ಡದೇವರಾಜ ಒಡೆಯರ ಆಳ್ವಿಕೆ. ಕಲ್ಲಿನ ತಲೆಭಾಗ ಒಡೆದುಹೋಗಿ ದೊರೆಯ ಹೆಸರು ಸಿಗದಿರುವಾಗ, ಒಂದು ಅಂಕೆಯ ಬಾಲವೇ ಊರಿನ ಇತಿಹಾಸವನ್ನು ಮೂವತ್ತು ವರ್ಷ ಹಿಂದಕ್ಕೋ ಮುಂದಕ್ಕೋ ತಳ್ಳಬಲ್ಲದು.

ಮೇಷ್ಟರಿಗೆ ಇನ್ನೂ ಒಂದು ಗೊಂದಲ. ಚಿತ್ರ ತೆಗೆದ ದಿನ ಕ್ಯಾಮೆರಾದ ಹಿಂಬದಿಯಲ್ಲಿ ದೊಡ್ಡದು ಮಾಡಿ ನೋಡಿದಾಗ ಎಲ್ಲವೂ ನಿಚ್ಚಳವಾಗಿತ್ತಂತೆ. ಹಾಗಾದರೆ ಕಲ್ಲಿನಲ್ಲಿ ಮುನ್ನೂರು ವರ್ಷ ಉಳಿದ ಅಕ್ಷರ, ಕಂಪ್ಯೂಟರಿನಿಂದ ಕಾಗದಕ್ಕೆ ಬರುವಷ್ಟರಲ್ಲಿ ಕರಗಿದ್ದೆಲ್ಲಿ?

ಈ ಪ್ರಶ್ನೆ ಮೇಷ್ಟರೊಬ್ಬರದಲ್ಲ. ಆಸ್ತಿಯ ನಕ್ಷೆ, ವಸ್ತುಸಂಗ್ರಹಾಲಯದ ಪಟ್ಟಿ, ಆಸ್ಪತ್ರೆಯ ಎಕ್ಸ್‌ರೇ, ಸಸ್ಯಶಾಸ್ತ್ರಜ್ಞರ ಎಲೆಯ ಚಿತ್ರ, ಇಂಥವೆಲ್ಲ ಈಗ ದತ್ತಸಂಚಯದಲ್ಲಿ ಕೂತಿರುತ್ತವೆ. ಬೇಕಾದಾಗ ವರದಿಯಾಗಿ ಹೊರಬರುತ್ತವೆ. ಬರುವಾಗ ಮಸುಕಾಗಿ ಬಂದರೆ, ನಮ್ಮ ಕೈಗೆ ಸಿಕ್ಕಿದ್ದು ಸಾಕ್ಷಿಯಲ್ಲ, ಸಾಕ್ಷಿಯ ನೆರಳು.

ಲೆಕ್ಕ ಸುಲಭ, ಮರೆವು ಇನ್ನೂ ಸುಲಭ

ದತ್ತಸಂಚಯವೆಂದರೆ ಅಂಗಡಿಯ ಲೆಕ್ಕದ ಪುಸ್ತಕದಂತೆ ಸಾಲು, ಕಲಮುಗಳಾಗಿ ಜೋಡಿಸಿಟ್ಟ ಮಾಹಿತಿ. ಅದರಿಂದ ಬೇಕಾದ ಸಾಲುಗಳನ್ನು ಆಯ್ದು, ಓದಲು ಅನುಕೂಲವಾಗುವಂತೆ ಪುಟಗಳ ಮೇಲೆ ಜೋಡಿಸಿಕೊಡುವುದೇ ವರದಿ. ಊರಿನ ಹೆಸರು, ಅಳತೆ ಇತ್ಯಾದಿ ಅಕ್ಷರ-ಅಂಕಿಗಳು ಎಷ್ಟು ಬಾರಿ ಹೀಗೆ ಹೋಗಿಬಂದರೂ ಸವೆಯುವುದಿಲ್ಲ. ಚಿತ್ರದ ಮಾತು ಹಾಗಲ್ಲ.

ಗಣಕದಲ್ಲಿ ಚಿತ್ರವೆಂದರೆ ಬಿಂದುಗಳ ರಾಶಿ. ಮೇಷ್ಟರ ಕ್ಯಾಮೆರಾ ಅಡ್ಡಕ್ಕೆ 4000, ಉದ್ದಕ್ಕೆ 3000, ಒಟ್ಟು 1 ಕೋಟಿ 20 ಲಕ್ಷ ಬಿಂದುಗಳನ್ನು ಕೊಡುವಂಥದು. ಅವರು ಚಿತ್ರ ತೆಗೆದಾಗ ಚೌಕಟ್ಟಿನ ಅಡ್ಡಳತೆಯಲ್ಲಿ ಸುಮಾರು ಮೂರು ಅಡಿ, ಅಂದರೆ 36 ಅಂಗುಲ ಕಲ್ಲು ಹಿಡಿದಿತ್ತು. ಭಾಗಿಸಿ ನೋಡಿ: ಕಲ್ಲಿನ ಒಂದೊಂದು ಅಂಗುಲಕ್ಕೂ 111 ಬಿಂದುಗಳು. ಉಳಿಯ ಒಂದು ಗೀರು ಅರೆಪಾವು ಅಂಗುಲ, ಎಂದರೆ ಅಂಗುಲದ ಎಂಟನೇ ಒಂದು ಭಾಗ ಅಗಲವಿದ್ದರೂ ಅದಕ್ಕೆ 14 ಬಿಂದುಗಳು ದಕ್ಕುತ್ತವೆ. ಬಾಲ ಎತ್ತ ತಿರುಗಿದೆಯೆಂದು ಹೇಳಲು ಅಷ್ಟು ಧಾರಾಳವಾಗಿ ಸಾಕು.

ಈಗ ವರದಿಯ ಪುಟಕ್ಕೆ ಬನ್ನಿ. ಅಲ್ಲಿ ಚಿತ್ರಕ್ಕೆ ಮೀಸಲಾದ ಜಾಗ ಆರು ಅಂಗುಲ ಅಗಲ. ಒಳ್ಳೆಯ ಮುದ್ರಣಕ್ಕೆ ಕಾಗದದ ಅಂಗುಲಕ್ಕೆ 300 ಬಿಂದು ಇರಬೇಕೆಂಬುದು ಮುದ್ರಣಾಲಯಗಳ ರೂಢಿ. ಆ ಲೆಕ್ಕದಲ್ಲಿ ಅಡ್ಡಕ್ಕೆ 1800 ಬಿಂದು ಬೇಕು. ಕಲ್ಲಿನ ಅಂಗುಲಕ್ಕೆ 50, ಆ ಸಣ್ಣ ಗೀರಿಗೆ 6. ಇನ್ನೂ ಓದಬಹುದು. ಆದರೆ ಚಿತ್ರವನ್ನು ಗಣಕದ ಪರದೆಯ ಹಳೆಯ ಅಳತೆಗೆ, ಅಂದರೆ ಅಂಗುಲಕ್ಕೆ 96 ಬಿಂದುವಿಗೆ ಇಳಿಸಿಬಿಟ್ಟರೆ ಅಡ್ಡಕ್ಕೆ ಉಳಿಯುವುದು 576. ಕಲ್ಲಿನ ಅಂಗುಲಕ್ಕೆ 16, ಗೀರಿಗೆ ಬರೇ 2. ಎರಡು ಬಿಂದುಗಳಲ್ಲಿ ಬಾಲ ಎಡಕ್ಕೋ ಬಲಕ್ಕೋ ಎಂದು ಬ್ರಹ್ಮನೂ ಹೇಳಲಾರ.

ಪರದೆಯ ಮೇಲೆ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. ಪರದೆಗೆ ಬೇಕಾದಷ್ಟು ಬಿಂದು ಅದರಲ್ಲಿದೆಯಲ್ಲ! ಅದಕ್ಕೇ ಮೋಸಹೋಗುತ್ತೇವೆ. ಹೀಗೆ ಒಮ್ಮೆ ಕೆಳಗಿಳಿದ ಚಿತ್ರವನ್ನು ಮತ್ತೆ ಹಿಗ್ಗಿಸಿದರೆ ಹೊಸ ವಿವರವೇನೂ ಬರುವುದಿಲ್ಲ. ಹಾಲಿಗೆ ನೀರು ಬೆರೆಸಿ ಪಾತ್ರೆ ತುಂಬಿಸಿದಂತೆ, ಅಳತೆ ಮಾತ್ರ ಹೆಚ್ಚುತ್ತದೆ.

ದಾರಿಯಲ್ಲಿ ನಾಲ್ಕು ಸುಂಕದಕಟ್ಟೆ

ಸೋದರಳಿಯನನ್ನು ಕರೆಸಿ, ಚಿತ್ರ ಬಂದ ದಾರಿಯನ್ನು ಹಿಂದಕ್ಕೆ ಹಿಡಿದು ಹೊರಟೆವು. ಒಂದೇ ಕಡೆ ಎಡವಟ್ಟಾಗಿರಲಿಲ್ಲ. ಪ್ರತಿ ಕಟ್ಟೆಯಲ್ಲೂ ಸ್ವಲ್ಪ ಸ್ವಲ್ಪ ಸುಂಕ ಕಳೆದಿತ್ತು.

ಮೊದಲನೆಯದು ಸಾಗಣೆ. ಕೆಲವು ಚಿತ್ರಗಳನ್ನು ಮೇಷ್ಟರು ಮೊಬೈಲ್ ಸಂದೇಶದಲ್ಲಿ ಕಳಿಸಿದ್ದರು. ಸಂದೇಶ ತಂತ್ರಾಂಶಗಳು ಚಿತ್ರವೆಂದು ಕಳಿಸಿದ್ದನ್ನು ಬೇಗ ಮುಟ್ಟಿಸುವ ಸಲುವಾಗಿ ಕುಗ್ಗಿಸಿಯೇ ಕಳಿಸುವುದು ವಾಡಿಕೆ. ಅದನ್ನೇ ದಾಖಲೆಯೆಂದು, ಅಂದರೆ ಡಾಕ್ಯುಮೆಂಟ್ ಎಂದು ಆರಿಸಿ ಕಳಿಸಿದರೆ ಇದ್ದದ್ದು ಇದ್ದಂತೆ ಹೋಗುತ್ತದೆ.

ಎರಡನೆಯದು ದಾಸ್ತಾನು. ಚಿತ್ರವನ್ನು ದತ್ತಸಂಚಯದ ಒಳಗೇ ತುರುಕಬಹುದು, ಇಲ್ಲವೇ ಹೊರಗೆ ಇಟ್ಟು ಅದರ ವಿಳಾಸವನ್ನಷ್ಟೇ ಬರೆಯಬಹುದು. ಮೈಕ್ರೋಸಾಫ್ಟ್ ಆ್ಯಕ್ಸೆಸ್‌ನಂಥ ಸಣ್ಣ ದತ್ತಸಂಚಯದ ಒಂದು ಕಡತ 2 ಗಿಗಾಬೈಟ್ ಮೀರುವಂತಿಲ್ಲ. ಅದರ ಹಳೆಯ ಆವೃತ್ತಿಗಳಲ್ಲಿ ಒಳಗೆ ಸೇರಿಸಿದ ಚಿತ್ರ ಸಂಕೋಚನ ಕಳೆದುಕೊಂಡು ಹಲವು ಪಟ್ಟು ಉಬ್ಬುತ್ತಿತ್ತು. 2007ರ ಆವೃತ್ತಿಯಿಂದ ಮೂಲ ರೂಪದಲ್ಲೇ ಇಡುವ ಆಯ್ಕೆ ಬಂತು. ಕಡತ ಉಬ್ಬಿದಾಗ ಜನ ಮಾಡುವುದೇನು? ಸೇರಿಸುವ ಮೊದಲೇ ಚಿತ್ರವನ್ನು ಚಿಕ್ಕದು ಮಾಡುತ್ತಾರೆ. ನಮ್ಮ ಹುಡುಗನೂ ಅದನ್ನೇ ಮಾಡಿದ್ದ. ತಪ್ಪೆನ್ನಲಾಗದು, ಆದರೆ ಮೂಲವನ್ನು ಬೇರೆಡೆ ಇಟ್ಟುಕೊಂಡು ಮಾಡಬೇಕಿತ್ತು.

ಮೂರನೆಯದು ಪುಟದ ವಿನ್ಯಾಸ. ಚಿತ್ರದ ಚೌಕಕ್ಕೆ ‘ಹಿಗ್ಗಿಸು’ ಎಂಬ ಆಯ್ಕೆ ಕೊಟ್ಟರೆ ಚೌಕ ತುಂಬುವುದೇನೋ ಹೌದು, ಆದರೆ ಉದ್ದ-ಅಗಲಗಳ ಪ್ರಮಾಣ ಕೆಟ್ಟು ದುಂಡಗಿನ ಅಕ್ಷರ ಚಪ್ಪಟೆಯಾಗುತ್ತದೆ. ‘ಜೂಮ್’ ಎಂದಿಟ್ಟರೆ ಪ್ರಮಾಣ ಉಳಿಯುತ್ತದೆ, ಪಕ್ಕದಲ್ಲಿ ಸ್ವಲ್ಪ ಬಿಳಿ ಜಾಗ ಬಿಡುತ್ತದೆ ಅಷ್ಟೆ.

ನಾಲ್ಕನೆಯದು, ಎಲ್ಲಕ್ಕಿಂತ ದುಬಾರಿಯಾದದ್ದು, ಪಿಡಿಎಫ್ ಕಟ್ಟೆ. ವರದಿಯನ್ನು ಪಿಡಿಎಫ್ ಮಾಡುವಾಗ ತಂತ್ರಾಂಶ ಒಂದು ಸಣ್ಣ ಪ್ರಶ್ನೆ ಕೇಳುತ್ತದೆ, ಇಲ್ಲವೇ ಕೇಳದೆಯೇ ತಾನೇ ನಿರ್ಧರಿಸುತ್ತದೆ: ಚಿತ್ರಗಳನ್ನು ಎಷ್ಟು ಬಿಂದುವಿಗೆ ಇಳಿಸಲಿ? ಅಡೋಬಿ ಕಂಪನಿಯ ಅಕ್ರೊಬ್ಯಾಟ್‌ನ ಸಿದ್ಧ ಆಯ್ಕೆಗಳನ್ನೇ ನೋಡಿ. ‘ಅತಿ ಚಿಕ್ಕ ಗಾತ್ರ’ ಎಂಬುದರಲ್ಲಿ ಬಣ್ಣದ ಚಿತ್ರಗಳು ಅಂಗುಲಕ್ಕೆ 100 ಬಿಂದುವಿಗೆ ಇಳಿಯುತ್ತವೆ, ‘ಸಾಧಾರಣ’ದಲ್ಲಿ 150ಕ್ಕೆ, ‘ಉತ್ತಮ ಮುದ್ರಣ’ದಲ್ಲಿ 300ಕ್ಕೆ. ಸೋದರಳಿಯ ಬಳಸಿದ ತಂತ್ರಾಂಶ ಬೇರೆಯದು. ಅದರಲ್ಲೂ ಇಂಥದೇ ಆಯ್ಕೆ ಇತ್ತು. ಪುಸ್ತಕವನ್ನು ಮಿಂಚಂಚೆಯಲ್ಲಿ ಕಳಿಸಲು ಹಗುರವಾಗಲಿ ಎಂದು ಅವನು ‘ಕನಿಷ್ಠ ಗಾತ್ರ’ ಒತ್ತಿದ್ದ.

“ಅದೊಂದು ಗುಂಡಿ ಒತ್ತಿದ್ದಕ್ಕೆ ಇಷ್ಟೆಲ್ಲ ಆಯಿತಾ ಮಾವ?” ಎಂದು ಹುಡುಗ ಪೆಚ್ಚಾದ. ಮೇಷ್ಟರು ಏನೂ ಅನ್ನಲಿಲ್ಲ.

ಬೆಂಗಳೂರಿನ ಗಣಿತ

ಬಿಂದುಗಳ ಸಂಖ್ಯೆ ಕಡಿಮೆಯಾಗುವುದು ಒಂದು ಬಗೆಯ ನಷ್ಟ. ಸಂಖ್ಯೆ ಅಷ್ಟೇ ಇದ್ದೂ ಚಿತ್ರ ಕೆಡುವುದು ಇನ್ನೊಂದು ಬಗೆ. ಆ ಪುಟದಲ್ಲಿ ಕಂಡ ಬೂದು ಚೌಕಗಳು ಈ ಎರಡನೆಯದರ ಗುರುತು. ಅದರ ಹಿಂದಿರುವ ಗಣಿತಕ್ಕೆ ನಮ್ಮ ಬೆಂಗಳೂರಿನ ನಂಟಿದೆ ಎಂದರೆ ಆಶ್ಚರ್ಯವಾದೀತು.

ನಾಸಿರ್ ಅಹ್ಮದ್ 1940ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದವರು. ಇಲ್ಲಿನ ವಿಶ್ವೇಶ್ವರಯ್ಯ ಎಂಜಿನಿಯರಿಂಗ್ ಕಾಲೇಜಿನಲ್ಲಿ 1961ರಲ್ಲಿ ಪದವಿ ಪಡೆದು ಅಮೆರಿಕೆಗೆ ಹೋದರು. ಚಿತ್ರದ ಮಾಹಿತಿಯನ್ನು ಕೊಸೈನ್ ಅಲೆಗಳಾಗಿ ಬಿಡಿಸಿ ಸಂಕ್ಷೇಪಿಸಬಹುದೆಂಬ ಯೋಚನೆ ಹೊಳೆದಾಗ, 1972ರಲ್ಲಿ ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನಕ್ಕೆ ಧನಸಹಾಯ ಕೋರಿ ಬರೆದರು. ವಿಚಾರ ತೀರಾ ಸರಳವಾಯಿತೆಂದು ಅರ್ಜಿ ತಿರಸ್ಕೃತವಾಯಿತು! ಅವರು ಕೈಬಿಡಲಿಲ್ಲ. ಟಿ. ನಟರಾಜನ್ ಮತ್ತು ಕೆ.ಆರ್. ರಾವ್ ಅವರೊಂದಿಗೆ ಸೇರಿ 1974ರ ಜನವರಿಯಲ್ಲಿ ಪ್ರಬಂಧ ಪ್ರಕಟಿಸಿದರು. 1992ರಲ್ಲಿ ಅಂಗೀಕೃತವಾದ ಜೆಪಿಇಜಿ ಎಂಬ ಚಿತ್ರಮಾದರಿಯ ತಿರುಳು ಇದೇ. ಇಂದು ಕ್ಯಾಮೆರಾ, ಮೊಬೈಲುಗಳಿಂದ ಹೊರಬರುವ ಚಿತ್ರಗಳಲ್ಲಿ ಬಹುಪಾಲು ಈ ಗಣಿತಕ್ಕೆ ಋಣಿ.

ಜೆಪಿಇಜಿ ಕೆಲಸ ಮಾಡುವ ಬಗೆ ಹೀಗೆ. ಚಿತ್ರವನ್ನು ಎಂಟಕ್ಕೆ ಎಂಟು ಬಿಂದುಗಳ ಚೌಕಗಳಾಗಿ ಕತ್ತರಿಸುತ್ತಾರೆ. ಪ್ರತಿ ಚೌಕದ ನೆರಳು-ಬೆಳಕನ್ನು 64 ಬಗೆಯ ಅಲೆಗಳ ಮೊತ್ತವಾಗಿ ಬರೆಯುತ್ತಾರೆ. ನಿಧಾನವಾಗಿ ಬದಲಾಗುವ ಅಲೆಗಳು ಆಕಾಶ, ಗೋಡೆ, ಕೆನ್ನೆಯಂಥ ವಿಶಾಲ ಭಾಗಗಳನ್ನು ಹೇಳುತ್ತವೆ. ವೇಗದ ಅಲೆಗಳು ನವಿರಾದ ಗೆರೆ, ಅಂಚುಗಳನ್ನು ಹೇಳುತ್ತವೆ. ನಮ್ಮ ಕಣ್ಣು ಎರಡನೆಯದನ್ನು ಅಷ್ಟಾಗಿ ಗಮನಿಸುವುದಿಲ್ಲವಾದ್ದರಿಂದ ಅವನ್ನು ಒರಟಾಗಿ ದುಂಡುಮಾಡಿ, ಬಹಳಷ್ಟನ್ನು ಸೊನ್ನೆಯಾಗಿಸುತ್ತಾರೆ. ಕಡತ ಹತ್ತು ಪಟ್ಟು ಚಿಕ್ಕದಾದರೂ ಮದುವೆಯ ಫೋಟೋದಲ್ಲಿ ಮದುಮಗಳು ಮದುಮಗಳಂತೆಯೇ ಕಾಣುತ್ತಾಳೆ.

ಆದರೆ ಶಾಸನ ಓದುವವರ ಕಣ್ಣು ಮದುವೆ ಫೋಟೋ ನೋಡುವ ಕಣ್ಣಲ್ಲ. ಅಕ್ಷರವೆಂದರೆ ಅಂಚು. ಪ-ಫ, ಬ-ಭ, ದ-ಧ ಇವುಗಳ ನಡುವಿನ ವ್ಯತ್ಯಾಸ ಕೆಳಗಿನ ಒಂದು ಸೀಳು. ಜೆಪಿಇಜಿ ಎಸೆಯಲು ಮೊದಲು ಆರಿಸುವುದು ಇದನ್ನೇ. ಕ್ಯಾಮೆರಾ ಒಮ್ಮೆ ಒಳ್ಳೆಯ ಗುಣಮಟ್ಟದಲ್ಲಿ ಉಳಿಸಿದಾಗ ಆಗುವ ನಷ್ಟ ಅತ್ಯಲ್ಪ. ತಿರುಗಿಸಿದೆವು, ಉಳಿಸಿದೆವು, ಕತ್ತರಿಸಿದೆವು, ಉಳಿಸಿದೆವು, ಪಿಡಿಎಫ್‌ಗೆ ಹೋಯಿತು, ಮತ್ತೆ ಸಂಕ್ಷೇಪವಾಯಿತು. ಹೀಗೆ ಸಲಸಲಕ್ಕೂ ಸೋಸಿದಾಗ ಜರಡಿಯಲ್ಲಿ ಉಳಿಯುವುದು ಚೌಕಗಳೇ. ಇದಕ್ಕೆ ಬದಲಾಗಿ 1986ರಲ್ಲಿ ಬಂದ ಟಿಫ್, 1996ರ ಪಿಎನ್‌ಜಿ ಮಾದರಿಗಳನ್ನು ನಷ್ಟವಿಲ್ಲದೆ ಉಳಿಸಲು ಬಳಸಬಹುದು. ಕಡತ ದೊಡ್ಡದಾಗುತ್ತದೆ, ಅಕ್ಷರ ಹಾಗೆಯೇ ಇರುತ್ತದೆ.

ಮಸುಕಿಗಿಂತ ಕೆಟ್ಟದ್ದು

ಮಸುಕಾದ ಚಿತ್ರ ಕನಿಷ್ಠ ತನ್ನ ತಪ್ಪನ್ನು ತಾನೇ ಒಪ್ಪಿಕೊಳ್ಳುತ್ತದೆ. ಅದಕ್ಕಿಂತ ಅಪಾಯಕಾರಿಯಾದ ಪ್ರಸಂಗವೊಂದು 2013ರಲ್ಲಿ ಬೆಳಕಿಗೆ ಬಂತು. ಜರ್ಮನಿಯ ಗಣಕ ವಿಜ್ಞಾನಿ ಡೇವಿಡ್ ಕ್ರೀಸಲ್, ಕಟ್ಟಡದ ನಕ್ಷೆಯೊಂದನ್ನು ಝೆರಾಕ್ಸ್ ಕಂಪನಿಯ ಯಂತ್ರದಲ್ಲಿ ಸ್ಕ್ಯಾನ್ ಮಾಡಿದ್ದನ್ನು ಪರಿಶೀಲಿಸಿದರು. ನಕ್ಷೆಯಲ್ಲಿ ಮೂರು ಕೋಣೆಗಳ ವಿಸ್ತೀರ್ಣ 14.13, 21.11 ಮತ್ತು 17.42 ಚದರ ಮೀಟರ್ ಎಂದಿತ್ತು. ಸ್ಕ್ಯಾನ್ ಆಗಿ ಬಂದ ಪ್ರತಿಯಲ್ಲಿ ಮೂರೂ 14.13! ಅಂಕೆಗಳು ಎಲ್ಲೂ ಕಲೆಸಿರಲಿಲ್ಲ, ಅಚ್ಚುಕಟ್ಟಾಗಿ ಮುದ್ರಿತವಾಗಿದ್ದವು.

ಕಾರಣವಾದದ್ದು ಜೆಬಿಗ್2 ಎಂಬ ಸಂಕೋಚನ ವಿಧಾನ. ಪುಟದಲ್ಲಿ ಒಂದೇ ರೀತಿ ಕಾಣುವ ತುಣುಕುಗಳನ್ನು ಗುರುತಿಸಿ, ಒಂದನ್ನು ಮಾತ್ರ ಉಳಿಸಿಕೊಂಡು ಉಳಿದೆಡೆಯೆಲ್ಲ ಅದನ್ನೇ ಅಂಟಿಸುವ ಉಪಾಯ ಇದರಲ್ಲಿದೆ. ಹೋಲಿಕೆಯ ಅಳತೆಗೋಲು ಸಡಿಲವಾದಾಗ 6ರ ಜಾಗದಲ್ಲಿ 8 ಕೂರುತ್ತದೆ. ಕಂಪನಿ ಆಮೇಲೆ ಸರಿಪಡಿಸುವ ತಂತ್ರಾಂಶ ಬಿಡುಗಡೆ ಮಾಡಿತು. ಆದರೆ ಪಾಠ ಉಳಿಯಿತು: ಸಾಕ್ಷಿಯಾಗಬೇಕಾದ ಚಿತ್ರಕ್ಕೆ ಊಹೆ ಮಾಡುವ ಸಂಕೋಚನ ಸಲ್ಲದು. ಇದೇ ಗೊಂದಲ ೬ ಮತ್ತು ೯ರ ನಡುವೆ ಆಗಿದ್ದರೆ ಮೇಷ್ಟರ ಪುಸ್ತಕದಲ್ಲಿ ಅನುಮಾನಕ್ಕೂ ಜಾಗವಿರುತ್ತಿರಲಿಲ್ಲ.

ಮೂಲಕ್ಕೆ ಕೈ ಹಚ್ಚಬೇಡಿ

ಹಾಗಾದರೆ ಮಾಡಬೇಕಾದ್ದೇನು? ಮೇಷ್ಟರ ಮನೆಯ ಜಗಲಿಯಲ್ಲಿ ಕೂತು ಎರಡು ಭಾನುವಾರ ನಾವು ಮಾಡಿದ್ದನ್ನೇ ಇಲ್ಲಿ ಬರೆಯುತ್ತೇನೆ. ಬೇರೆಯವರಿಗೂ ಉಪಯೋಗವಾದೀತು.

ಮೊದಲು ಮೂಲ ಚಿತ್ರಗಳನ್ನು ಹುಡುಕಿದೆವು. ಮೇಷ್ಟರ ಪುಣ್ಯ, ಕ್ಯಾಮೆರಾದ ಕಾರ್ಡು ತುಂಬಿದಾಗಲೆಲ್ಲ ಅವರು ಸ್ಟುಡಿಯೋದಲ್ಲಿ ಸಿಡಿ ಮಾಡಿಸಿ ಇಟ್ಟಿದ್ದರು. ಟ್ರಂಕಿನಲ್ಲಿದ್ದ ಹದಿನಾಲ್ಕು ಸಿಡಿಗಳಲ್ಲಿ ಹದಿಮೂರು ಓದಿದವು. ಎಲ್ಲವನ್ನೂ ಒಂದು ಕಡತಕೋಶಕ್ಕೆ ನಕಲು ಮಾಡಿ, ಬದಲಾಯಿಸಲಾಗದಂತೆ ಬೀಗ ಹಾಕಿದೆವು. ಪ್ರತ್ಯೇಕ ಹಾರ್ಡ್‌ಡಿಸ್ಕಿನಲ್ಲಿ ಇನ್ನೊಂದು ಪ್ರತಿ ಇಟ್ಟೆವು.

ಆಮೇಲೆ ದತ್ತಸಂಚಯದ ಒಳಗಿದ್ದ ಚಿತ್ರಗಳನ್ನು ಕಿತ್ತು, ಆ ಕಲಮಿನಲ್ಲಿ ಮೂಲ ಚಿತ್ರದ ವಿಳಾಸ ಬರೆದೆವು. ಗ್ರಂಥಾಲಯದ ಕಾರ್ಡಿನಲ್ಲಿ ಪುಸ್ತಕ ಇರುವುದಿಲ್ಲ, ಬೀರುವಿನ ಸಂಖ್ಯೆ ಇರುತ್ತದಲ್ಲ, ಹಾಗೆ. 2006ರಲ್ಲಿ ಜಿಮ್ ಗ್ರೇ ಮತ್ತು ಸಂಗಡಿಗರು ಮೈಕ್ರೋಸಾಫ್ಟ್ ಸಂಶೋಧನಾಲಯದಿಂದ ಪ್ರಕಟಿಸಿದ ಅಧ್ಯಯನವೂ ಇದಕ್ಕೆ ಹೊಂದುತ್ತದೆ: 256 ಕಿಲೋಬೈಟ್‌ಗಿಂತ ಚಿಕ್ಕವನ್ನು ದತ್ತಸಂಚಯದ ಒಳಗೆ, 1 ಮೆಗಾಬೈಟ್‌ಗಿಂತ ದೊಡ್ಡವನ್ನು ಹೊರಗೆ ಇಡುವುದು ಲೇಸೆಂದು ಅವರು ಕಂಡುಕೊಂಡರು. ಹೊರಗಿಡುವುದರಲ್ಲಿ ಒಂದು ತೊಡಕಿದೆ. ಕಡತಕೋಶದ ಹೆಸರನ್ನು ಯಾರಾದರೂ ಬದಲಿಸಿದರೆ ವಿಳಾಸ ತಪ್ಪಿ, ವರದಿಯಲ್ಲಿ ಖಾಲಿ ಚೌಕ ಬರುತ್ತದೆ. ಆದ್ದರಿಂದ ದತ್ತಸಂಚಯ ಮತ್ತು ಚಿತ್ರಗಳನ್ನು ಒಟ್ಟಿಗೇ ಸಾಗಿಸಬೇಕು, ಒಟ್ಟಿಗೇ ನಕಲು ಮಾಡಬೇಕು. ಖಾಲಿ ಚೌಕ ಬಂದರೆ ಬೇಸರ ನಿಜ. ಆದರೆ ಅದು ಸುಳ್ಳು ಹೇಳುವುದಿಲ್ಲ.

ಮೂರನೆಯದಾಗಿ, ಪುಟಕ್ಕೆ ತಕ್ಕಂತೆ ಅಡ್ಡಕ್ಕೆ 1800 ಬಿಂದುಗಳ ಪ್ರತಿಗಳನ್ನು ಮೂಲದಿಂದ ನೇರವಾಗಿ, ಒಂದೇ ಬಾರಿಗೆ ಮಾಡಿ ಬೇರೆ ಕೋಶದಲ್ಲಿಟ್ಟೆವು. ವರದಿ ಬಳಸುವುದು ಈ ಪ್ರತಿಗಳನ್ನು. ಅಕ್ಷರವಿರುವ ಭಾಗವನ್ನು ಹತ್ತಿರದಿಂದ ಕತ್ತರಿಸಿದ ಎರಡನೆಯ ಚಿತ್ರಕ್ಕೂ ಜಾಗ ಮಾಡಿದೆವು. ಇಡೀ ಕಲ್ಲನ್ನು ಆರು ಅಂಗುಲಕ್ಕೆ ಇಳಿಸುವುದಕ್ಕಿಂತ, ಓದಬೇಕಾದ ಎರಡು ಸಾಲನ್ನು ಅದೇ ಆರು ಅಂಗುಲದಲ್ಲಿ ತೋರಿಸುವುದು ಜಾಣತನ. ನಕ್ಷೆ, ರೇಖಾಚಿತ್ರಗಳಿದ್ದರೆ ಅವನ್ನು ಬಿಂದುಗಳಾಗಿ ಅಲ್ಲದೆ ಗೆರೆಗಳಾಗಿಯೇ ಉಳಿಸುವ ಎಸ್‌ವಿಜಿಯಂಥ ಮಾದರಿ ಒಳ್ಳೆಯದು. ಎಷ್ಟು ಹಿಗ್ಗಿಸಿದರೂ ಅಂಚು ಕೆಡದು.

ನಾಲ್ಕನೆಯದಾಗಿ ಪಿಡಿಎಫ್. ‘ಕನಿಷ್ಠ ಗಾತ್ರ’ ಬಿಟ್ಟು ಮುದ್ರಣದ ಆಯ್ಕೆ ಕೊಟ್ಟೆವು. ಬಂದದ್ದನ್ನು ನಂಬದೆ, ಪರದೆಯ ಮೇಲೆ ನಾಲ್ಕು ಪಟ್ಟು ಹಿಗ್ಗಿಸಿ ಮೂಲದ ಪಕ್ಕದಲ್ಲಿಟ್ಟು ನೋಡಿದೆವು. ಮುದ್ರಣಾಲಯಕ್ಕೆ ಕೊಡುವ ಮೊದಲು ಅತಿ ಕಷ್ಟದ ಒಂದು ಪುಟವನ್ನು ಅಚ್ಚು ಹಾಕಿಸಿ ಬಿಸಿಲಿನಲ್ಲಿ ಓದಿದೆವು. ಮುದ್ರಕಯಂತ್ರ ಬೂದು ಬಣ್ಣವನ್ನು ಸಣ್ಣ ಕಪ್ಪು ಚುಕ್ಕೆಗಳಿಂದ ಕಟ್ಟುತ್ತದೆ. ನೀವು ಓದುತ್ತಿರುವ ಪುರವಣಿಯ ಚಿತ್ರವನ್ನೇ ಭೂತಗನ್ನಡಿಯಲ್ಲಿ ನೋಡಿ, ಚುಕ್ಕೆಗಳು ಕಾಣುತ್ತವೆ. ಹಾಗಾಗಿ ಕಾಗದವೂ ಸ್ವಲ್ಪ ಸುಂಕ ಕೇಳಿಯೇ ಕೇಳುತ್ತದೆ. ಉಳಿದ ಕಟ್ಟೆಗಳಲ್ಲಿ ಕೊಡದಿದ್ದರೆ ಇಲ್ಲಿ ಕೊಡಲು ಅಡ್ಡಿಯಿಲ್ಲ.

ರೈಸ್ ಕಾಲದ ಎಚ್ಚರ

ಇದೆಲ್ಲ ಹೊಸ ಬುದ್ಧಿಯೇನಲ್ಲ. ಬಿ.ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಮೊದಲ ಸಂಪುಟ ಹೊರಬಂದದ್ದು 1886ರಲ್ಲಿ. ಶಾಸನಗಳ ಪಡಿಯಚ್ಚು ತೆಗೆಯುವವರು ಕಲ್ಲನ್ನು ತೊಳೆದು, ಒದ್ದೆ ಕಾಗದ ಹಾಸಿ, ಕುಂಚದಿಂದ ತಟ್ಟಿ ತಟ್ಟಿ ಪ್ರತಿ ಗೀರಿನೊಳಕ್ಕೂ ಕೂರಿಸಿ, ಮೇಲೆ ಮಸಿ ಒತ್ತುತ್ತಾರೆ. ಕಾಗದದ ಅಳತೆ ಕಲ್ಲಿನ ಅಳತೆಯೇ. ಕುಗ್ಗಿಸುವ ಮಾತೇ ಇಲ್ಲ. ಪುಸ್ತಕಕ್ಕೆ ಚಿಕ್ಕ ಚಿತ್ರ ಬೇಕಾದರೆ ಆಮೇಲೆ ಮಾಡಿಕೊಳ್ಳಬಹುದು. ಪಡಿಯಚ್ಚು ಮಾತ್ರ ಹಾಗೆಯೇ ಕಾಪಾಡಬೇಕು. ಮೂಲ ಬೇರೆ, ಬಳಕೆಯ ಪ್ರತಿ ಬೇರೆ ಎಂಬ ಈ ವಿವೇಕವನ್ನು ಗಣಕದ ಅನುಕೂಲದಲ್ಲಿ ನಾವು ಮರೆತಿದ್ದೇವೆ.

ಎರಡನೆಯ ಭಾನುವಾರ ಸಂಜೆ ಆ ಕಲ್ಲಿನ ಮೂಲ ಚಿತ್ರ ಹನ್ನೊಂದನೆಯ ಸಿಡಿಯಲ್ಲಿ ಸಿಕ್ಕಿತು. ಹುಡುಗ ಹಿಗ್ಗಿಸುತ್ತಾ ಹೋದ. ಅಂಕೆಯ ಬಾಲ ನಿಚ್ಚಳವಾಗಿತ್ತು, ಅದು ೯. ಮೇಷ್ಟರು ಅಷ್ಟಕ್ಕೇ ಒಪ್ಪುವವರಲ್ಲ. “ಸಂವತ್ಸರದ ಹೆಸರು ಬರೆದೇ ಇರ್ತಾರೆ, ಮುಂದಿನ ಸಾಲು ತೋರಿಸು” ಎಂದರು. ಅಲ್ಲಿ ಕಲ್ಲು ಚಕ್ಕೆಯೆದ್ದು ಹೋಗಿತ್ತು. ಅಚ್ಚಾದ ಪುಸ್ತಕದಲ್ಲಿ ಆ ಇಡೀ ಭಾಗ ಒಂದು ಬೂದು ಮಚ್ಚೆ. ಆದರೆ ಮೂಲದಲ್ಲಿ ಚಕ್ಕೆಯ ಅಂಚಿಗೆ ಅಂಟಿಕೊಂಡಂತೆ ಎರಡು ಅಕ್ಷರ ಉಳಿದಿದ್ದವು: ‘ಲಕ’. ಶಕ 1560 ಬಹುಧಾನ್ಯ ಸಂವತ್ಸರ, 1590 ಕೀಲಕ. ಇನ್ನು ಅನುಮಾನವಿಲ್ಲ.

ಮೇಷ್ಟರು ಹಳೆಯ ನೋಟುಪುಸ್ತಕ ತೆಗೆದು, ಹನ್ನೊಂದು ವರ್ಷದ ಹಿಂದೆ ಹಾಕಿದ್ದ ಪ್ರಶ್ನಾರ್ಥಕ ಚಿಹ್ನೆಯನ್ನು ಹೊಡೆದುಹಾಕಿ ಪಕ್ಕದಲ್ಲಿ ‘1668’ ಎಂದು ಬರೆದರು. ಹುಡುಗ ಓದದೇ ಉಳಿದ ಆ ಒಂದು ಸಿಡಿಯನ್ನು ಬಟ್ಟೆಯಿಂದ ಒರೆಸಿ ಮತ್ತೊಮ್ಮೆ ಯಂತ್ರಕ್ಕೆ ಹಾಕಿದ. ಅದರಲ್ಲಿ ಎಷ್ಟು ಕಲ್ಲುಗಳ ಚಿತ್ರವಿದೆಯೋ, ಅವುಗಳಲ್ಲಿ ಎಷ್ಟು ಕಲ್ಲು ಇನ್ನೂ ಊರಿನಲ್ಲಿವೆಯೋ! ನಿಮ್ಮ ಮನೆಯ, ಕಚೇರಿಯ ಬೀರುಗಳಲ್ಲೂ ಅಂಥ ಸಿಡಿಗಳಿದ್ದರೆ ಈ ವಾರವೇ ತೆಗೆದು ನಕಲು ಮಾಡಿಡಿ.